ಅರ್ಪಣೆಯ ಹಾಳೆ

ದಿಲೀಪನಿಗೆ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದದ್ದು ಉಲ್ಟಾ. ಚಾಮರಾಜಪುರಂ ರೈಲು ನಿಲ್ದಾಣದ ಹಿಂದಿನ ಬೈಂಡಿಂಗ್ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಅವನು ಮಾಡುತ್ತಿದ್ದ ಕೆಲಸವೇ ಹಾಗಿತ್ತು. ಹಿತ್ತಾಳೆಯ ಅಚ್ಚಿನ ಮೊಳೆಗಳನ್ನು ಬಲದಿಂದ ಎಡಕ್ಕೆ, ಕನ್ನಡಿಯೊಳಗಿನ ಹಾಗೆ ಜೋಡಿಸಬೇಕು, ಕಾಯಿಸಬೇಕು, ಚಿನ್ನದ ಬಣ್ಣದ ಹಾಳೆಯಿಟ್ಟು ಒತ್ತಬೇಕು. ಆಗ ವಿದ್ಯಾರ್ಥಿಗಳ ಪ್ರಬಂಧಗಳ ಕಪ್ಪು ರೆಕ್ಸಿನ್ ರಟ್ಟಿನ ಮೇಲೆ ಯಾರದೋ ಹೆಸರು, ಯಾರದೋ ಪದವಿ ಹೊಳೆಯುತ್ತಿತ್ತು. ಒಳಗೆ ಏನಿದೆಯೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಆಸೆಯೂ ಇರಲಿಲ್ಲ.

“ಇವ್ರು ಬರಿಯೋದು ಯಾರೂ ಓದಕ್ಕಲ್ಲ ಸಾರ್, ಬೈಂಡ್ ಮಾಡ್ಸಕ್ಕೆ” ಎಂದು ಅಂಗಡಿಯ ಯಜಮಾನ ವೆಂಕಟಸುಬ್ಬಯ್ಯನವರಿಗೆ ಹೇಳುತ್ತಿದ್ದ.

“ಬಾಯಿ ಮುಚ್ಕೊಂಡು ದಾರ ಎಳಿಯಯ್ಯ. ಅವ್ರು ಬರೀದೇ ಹೋದ್ರೆ ನೀನೂ ನಾನೂ ಅರಮನೆ ಮುಂದೆ ಕಡ್ಲೆಕಾಯಿ ಮಾರ್ಬೇಕಾಗತ್ತೆ.” ವೆಂಕಟಸುಬ್ಬಯ್ಯನವರು ಹಿಂದೆ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ಅವರ ಮಾತಿನಲ್ಲಿ ಈಗಲೂ ಟೈಪ್‌ರೈಟರಿನ ಟಕಟಕ ಇತ್ತು.

ಆದರೆ ಒಂದು ಪುಸ್ತಕಕ್ಕಾಗಿ ಮಾತ್ರ ದಿಲೀಪ ಎರಡು ವರ್ಷದಿಂದ ಕಾಯುತ್ತಿದ್ದ. ಅದು ಅವನ ಅಕ್ಕ ಸಿಂಚನ ಬರೆಯುತ್ತಿದ್ದ ಪುಸ್ತಕ. ಅವಳು ಎಲ್‌ಎಲ್‌ಎಂ ಓದುತ್ತಿದ್ದಳು, ಅದರಲ್ಲೂ ಅಂತರರಾಷ್ಟ್ರೀಯ ಅಪರಾಧ ಕಾನೂನು. ಆ ಪುಸ್ತಕ ಬಂದ ದಿನ ಅಪ್ಪನ ಮೇಲಿನ ಕಳಂಕ ತೊಳೆದುಹೋಗುತ್ತದೆ ಎಂದು ಅವನು ನಂಬಿದ್ದ. ನಂಬಿದ್ದ ಎಂದರೆ ಸಾಲದು. ಅದರ ಮೇಲೇ ಬದುಕಿದ್ದ.

ಅಪ್ಪ ಮರಿಸ್ವಾಮಿ ಕಡಕೊಳದ ಒಂದು ಬಣ್ಣದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ. ಒಂಬತ್ತು ವರ್ಷದ ಹಿಂದೆ ಅಲ್ಲಿನ ಗಲೀಜು ನೀರಿನ ತೊಟ್ಟಿಗೆ ಇಳಿದ ಇಬ್ಬರು ಗುತ್ತಿಗೆ ಆಳುಗಳು, ಪುಟ್ಟಮಾದಯ್ಯ ಮತ್ತು ಲಿಂಗಯ್ಯ, ವಿಷದ ಗಾಳಿ ಕುಡಿದು ಅಲ್ಲೇ ಸತ್ತರು. ಫೋನ್ ಮಾಡಿ ಇಳಿಸು ಎಂದಿದ್ದ ಮ್ಯಾನೇಜರು “ನಾನು ಹೇಳಿಯೇ ಇಲ್ಲ” ಎಂದುಬಿಟ್ಟ. ಮಾಲೀಕ ಆ ದಿನ ಊರಲ್ಲೇ ಇರಲಿಲ್ಲವಂತೆ. ಕೊನೆಗೆ ಕೇಸಿನ ಕಾಗದದಲ್ಲಿ ಉಳಿದದ್ದು ಮರಿಸ್ವಾಮಿಯ ಹೆಸರೊಂದೇ. ಕೋರ್ಟು ಅಲೆದೂ ಅಲೆದೂ, ಕಡೆಗೆ ಒಂದೂವರೆ ವರ್ಷ ಜೈಲಿನಲ್ಲಿದ್ದು ಬಂದ.

ಆಗ ಕಡಕೊಳದ ಶಾಲೆಯಲ್ಲಿ ದಿಲೀಪನ ಜೊತೆಗೇ ಓದುತ್ತಿದ್ದವನು ಪುಟ್ಟಮಾದಯ್ಯನ ಮಗ ಶಿವಶಂಕರ. ತಿಥಿ ಮುಗಿಸಿ ತಲೆ ಬೋಳಿಸಿಕೊಂಡು ಬಂದವನು ಕ್ಲಾಸಿನ ಮಧ್ಯೆ ನಿಂತು, “ನಿಮ್ಮಪ್ಪನೇ ಕಣ್ಲಾ ನಮ್ಮಪ್ಪನ್ನ ಕೊಂದಿದ್ದು” ಎಂದ. ದಿಲೀಪ ಎದ್ದು ಹೊಡೆದ ಒಂದೇ ಏಟಿಗೆ ಶಿವಶಂಕರನ ಮುಂದಿನ ಹಲ್ಲು ಮುರಿದು ನೆಲಕ್ಕೆ ಬಿತ್ತು. ತಪ್ಪಾಯ್ತು ಎಂದು ಹೇಳಿದರೆ ಕ್ಲಾಸಿಗೆ ಸೇರಿಸುತ್ತೇನೆ ಎಂದರು ಹೆಡ್‌ಮಾಸ್ಟರು. ದಿಲೀಪ ಹೇಳಲಿಲ್ಲ. ಚೀಲ ಹೆಗಲಿಗೇರಿಸಿಕೊಂಡು ಗೇಟು ದಾಟಿದವನು ಮತ್ತೆ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಲಿಲ್ಲ. ಮನೆಯವರು ಊರು ಬಿಟ್ಟು ವಿದ್ಯಾರಣ್ಯಪುರಂಗೆ ಬಂದರು. ಅಕ್ಕ ಲಾ ಕಾಲೇಜಿಗೆ, ತಮ್ಮ ಬೈಂಡಿಂಗ್ ಅಂಗಡಿಗೆ.

ಅಪ್ಪ ಬಿಡುಗಡೆಯಾದ ದಿನ ದಿಲೀಪ ದೇವರಾಜ ಮಾರುಕಟ್ಟೆಯಿಂದ ಆಳೆತ್ತರದ ಸುಗಂಧರಾಜದ ಹಾರ ತಂದು ಜೈಲಿನ ಬಾಗಿಲಲ್ಲೇ ಕೊರಳಿಗೆ ಹಾಕಿದ್ದ. ಗೇಟಿನ ಪೊಲೀಸಿನವನು ನಕ್ಕಿದ್ದ. ಅಪ್ಪ ತಲೆಯೆತ್ತಲಿಲ್ಲ. ಅವಮಾನದಿಂದ ನೊಂದಿದ್ದಾನೆ ಎಂದುಕೊಂಡ ದಿಲೀಪ ಆ ಪೊಲೀಸಿನವನನ್ನು ದುರುಗುಟ್ಟಿ ನೋಡಿದ್ದ.

ಎಲ್‌ಎಲ್‌ಎಂಗೆ ಸೇರಿದ ಹೊಸತರಲ್ಲಿ ಒಂದು ಭಾನುವಾರ ಸಿಂಚನ ಜಗಲಿಯಲ್ಲಿ ಓದುತ್ತ ಕೂತಿದ್ದಾಗ ಅವನು ಕೇಳಿದ್ದ. “ಅಕ್ಕ, ನಿಂದೇನೇ ಅದು? ಅಷ್ಟುದ್ದದ ಹೆಸ್ರು.”

“ಯುದ್ಧದಲ್ಲಿ ಊರಿಗೂರೇ ಕೊಂದು ಹಾಕ್ತಾರಲ್ಲ, ಅಂಥೋರನ್ನ ಹ್ಯಾಗೆ ವಿಚಾರಣೆ ಮಾಡ್ಬೇಕು ಅನ್ನೋ ಕಾನೂನು ಕಣೋ. ಗುಂಡು ಹೊಡೆದೋನು ಯಾರೋ ಸಿಪಾಯಿ. ಆದ್ರೆ ಅವನ ಮೇಲೆ ಇದ್ದೋನು ಸ್ಥಳದಲ್ಲೇ ಇರ್ಲಿಲ್ಲ ಅಂದ್ರೂ ತಪ್ಪಿಸ್ಕೊಳ್ಳಕ್ಕಾಗಲ್ಲ. ಗೊತ್ತಿದ್ದೂ ತಡೀಲಿಲ್ವಾ, ನೀನೂ ಅಪರಾಧಿ.”

“ಗೊತ್ತೇ ಇರ್ಲಿಲ್ಲ ಅಂದ್ರೆ?”

“ಸೇನಾಧಿಕಾರಿ ಆದ್ರೆ, ಗೊತ್ತಿರಬೇಕಾಗಿತ್ತು ಅಂತಾರೆ.”

ದಿಲೀಪ ಆ ಮಾತನ್ನು ಬಾಯಲ್ಲಿಟ್ಟುಕೊಂಡು ಚಪ್ಪರಿಸಿದ. ಗೊತ್ತಿರಬೇಕಾಗಿತ್ತು! ಮ್ಯಾನೇಜರನಿಗೆ ಗೊತ್ತಿರಬೇಕಾಗಿತ್ತು, ಮಾಲೀಕನಿಗೆ ಗೊತ್ತಿರಬೇಕಾಗಿತ್ತು. ಅಂದಿನಿಂದ ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ಕೈಗೆ ಸಿಕ್ಕವರಿಗೆಲ್ಲ ಅಂತರರಾಷ್ಟ್ರೀಯ ಕಾನೂನು ಪಾಠ ಹೇಳಿದ. “ನಮ್ಮಕ್ಕನ ಪುಸ್ತಕ ಬರ್ಲಿ, ತೋರಿಸ್ತೀನಿ ಬಡ್ಡೀಮಕ್ಳಿಗೆ” ಎನ್ನುತ್ತಿದ್ದ. ಅಪ್ಪನ ಎದುರಿಗೂ ಹೇಳುತ್ತಿದ್ದ. ಅಪ್ಪ ಆಗೆಲ್ಲ ಎದ್ದು ಹಿತ್ತಿಲ ನಲ್ಲಿಯ ಹತ್ತಿರ ಹೋಗಿ, ತೊಳೆದ ಕೈಯನ್ನೇ ಮತ್ತೆ ತೊಳೆಯುತ್ತಿದ್ದ.

ಈಗ ಪುಸ್ತಕ ಬಂದಿತ್ತು. ಐದು ಪ್ರತಿ. ಮೂರು ವಿಶ್ವವಿದ್ಯಾನಿಲಯಕ್ಕೆ, ಒಂದು ಗೈಡ್ ಮೇಡಂಗೆ, ಒಂದು ಮನೆಗೆ. ಶುಕ್ರವಾರ ಸಂಜೆ ಐದರೊಳಗೆ ಒಪ್ಪಿಸಬೇಕು. ಬುಧವಾರ ಬೆಳಿಗ್ಗೆ ಸಿಂಚನ ಹಾಳೆಗಳ ಕಟ್ಟುಗಳನ್ನು ಮೇಜಿನ ಮೇಲಿಟ್ಟು, “ಹುಷಾರು ಕಣೋ, ಪುಟ ಹಿಂದುಮುಂದಾದ್ರೆ ನನ್ ಎರಡು ವರ್ಷ ಹೋಯ್ತು” ಎಂದು ಓಡಿದಳು.

ಹೊಲಿಯುವ ಮೊದಲು ಮುಂದಿನ ಹಾಳೆಗಳ ಕ್ರಮ ನೋಡುವುದು ರೂಢಿ. ಮೊದಲು ಹೆಸರಿನ ಪುಟ, ಆಮೇಲೆ ಗೈಡ್ ಕೊಟ್ಟ ಸರ್ಟಿಫಿಕೇಟು, ಆಮೇಲೆ ಅರ್ಪಣೆ, ಕೃತಜ್ಞತೆ. ಅರ್ಪಣೆಯ ಹಾಳೆ ಎಲ್ಲರದ್ದೂ ಒಂದೇ. ಪ್ರೀತಿಯ ತಂದೆತಾಯಿಗೆ. ಸಾವಿರ ಸಲ ನೋಡಿದ ಆಕಾರ ಅದು, ಅಕ್ಷರ ಓದುವುದೇ ಬೇಕಿರಲಿಲ್ಲ. ಅಪ್ಪನ ಹೆಸರನ್ನು ಇಂಗ್ಲಿಷಿನಲ್ಲಿ ನೋಡುವ ಆಸೆಗೆ ದಿಲೀಪ ಆ ಹಾಳೆಯ ಮೇಲೆ ಬೆರಳಿಟ್ಟ. ಮರಿಸ್ವಾಮಿ ಎಂಬುದಕ್ಕೆ ಮೊದಲು ಎಂ ಬರಬೇಕು. ಬಂದದ್ದು ಪಿ. ಅದರ ಪಕ್ಕದ ಹೆಸರು ಎಲ್.

“ಸಾರ್, ಇದೊಂಚೂರು ಓದಿ ಹೇಳಿ.”

ವೆಂಕಟಸುಬ್ಬಯ್ಯನವರು ಕನ್ನಡಕ ಮೇಲಕ್ಕೆತ್ತಿಕೊಂಡರು. “ಹೇಳಿದ್ದಕ್ಕೆ ಇಳಿದು ಮೇಲೆ ಬಾರದೆ ಹೋದ ಪುಟ್ಟಮಾದಯ್ಯ, ಲಿಂಗಯ್ಯ, ಇವರ ನೆನಪಿಗೆ.” ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದರು. “ಯಾರಯ್ಯ ಇವರು? ನಿಮ್ಮ ಕಡೆಯೋರಾ?”

ದಿಲೀಪ ಇಡೀ ಕಟ್ಟನ್ನು ಅವರತ್ತ ತಳ್ಳಿದ. “ಒಳಗೇನಿದೆ ನೋಡಿ ಸಾರ್. ಅಧ್ಯಾಯದ್ ಹೆಸ್ರು ಓದಿ ಸಾಕು.”

ಅವರು ಬೆರಳಿಗೆ ಎಂಜಲು ಹಚ್ಚಿ ತಿರುವಿದರು. “ಮೂರನೇದು, ಮೇಲಿನವರ ಹೊಣೆ. ನಾಲ್ಕನೇದು, ಮೇಲಿನವರ ಆಜ್ಞೆ ಎಂಬ ಸಮಜಾಯಿಷಿ. ಮಹಾಯುದ್ಧ ಮುಗಿದ್ಮೇಲೆ ಜರ್ಮನಿಯೋರನ್ನ ಕಟಕಟೆಗೆ ಹತ್ತಿಸಿದ್ರಲ್ಲ, ಅಲ್ಲಿಂದ ಶುರು ಮಾಡಿದಾಳೆ. ಅವ್ರೆಲ್ಲ ಹೇಳಿದ್ರಂತೆ, ಮೇಲಿನೋರು ಹೇಳಿದ್ರು, ನಾವು ಮಾಡಿದ್ವಿ ಅಂತ. ಅದು ತಪ್ಪಿಸ್ಕೊಳ್ಳೋ ದಾರಿ ಅಲ್ಲ ಅಂತ ವಾದ. ಶಿಕ್ಷೆ ಕಮ್ಮಿ ಆಗ್ಬಹುದು, ಅಪರಾಧ ಹೋಗಲ್ಲ. ಭೇಷಾಗಿ ಬರೆದಿದಾಳೆ ಹುಡುಗಿ.”

ಭೇಷು. ಒಂಬತ್ತು ವರ್ಷ ಕೈತುಂಬ ಅಂಟು ಮೆತ್ತಿಕೊಂಡು, ಊಟದ ಅನ್ನಕ್ಕೂ ಅದೇ ಅಂಟಿನ ವಾಸನೆ ಹತ್ತಿಸಿಕೊಂಡು ತಾನು ಯಾರನ್ನು ಓದಿಸಿದ್ದು? ಸ್ವಂತ ಅಪ್ಪನಿಗೆ ಎರಡನೇ ಸಲ ಶಿಕ್ಷೆ ಬರೆಯುವವಳನ್ನು.

ಮಧ್ಯಾಹ್ನ ಸಿಂಚನ ಬಂದಾಗ ಕಟ್ಟುಗಳು ಇಟ್ಟಲ್ಲೇ ಇದ್ದವು. ದಿಲೀಪ ಕೈಕಟ್ಟಿ ನಿಂತಿದ್ದ.

“ಯಾಕೋ, ಶುರುನೇ ಮಾಡಿಲ್ಲ?”

“ಯಾರಿಗ್ ಬರ್ದಿದೀಯ ಇದನ್ನ?”

ಅವಳು ಮೇಲಿದ್ದ ಹಾಳೆ ನೋಡಿದಳು. ಮುಖದಲ್ಲಿ ಗಾಬರಿಯಿರಲಿಲ್ಲ, ದಣಿವಿತ್ತು. “ಗೊತ್ತಾಯ್ತಾ? ಗೊತ್ತಾಗ್ಲಿ ಬಿಡು.”

“ನಾಚ್ಕೆ ಆಗ್ಬೇಕು ಕಣೇ ನಿಂಗೆ. ಅವನ್ ಮಗ ನಮ್ಮಪ್ಪನ್ನ ಕೊಲೆಗಾರ ಅಂದ. ಅದಕ್ಕೇ ನಾನು ಶಾಲೆ ಬಿಟ್ಟೆ. ನೀನು ಅವನಪ್ಪನ ಹೆಸರಲ್ಲಿ ಪುಸ್ತಕ ಮಾಡ್ತೀಯ!”

“ನೂರಾ ಎಂಬತ್ತು ಪುಟದಲ್ಲಿ ಕಡಕೊಳದ ಹೆಸ್ರು ಒಂದ್ಸಲನೂ ಇಲ್ಲ ಕಣೋ. ಯುಗೊಸ್ಲಾವಿಯ ಇದೆ, ರುವಾಂಡ ಇದೆ. ಫ್ಯಾಕ್ಟ್ರಿ ತೊಟ್ಟಿಗೂ ಯುದ್ಧಕ್ಕೂ ಒಂದೇ ಕಾನೂನಲ್ಲ, ಅಷ್ಟು ನಂಗೂ ಗೊತ್ತು. ಪರೀಕ್ಷೆಗೆ ಬೇಕಾಗಿದ್ದು ಅದೆಲ್ಲ. ನನ್ದು ಅಂತ ಇರೋದು ಇದೊಂದೇ ಹಾಳೆ.”

“ಹಾಗಾದ್ರೆ ಮ್ಯಾನೇಜರು? ಅವನು ಫೋನ್ ಮಾಡ್ಲಿಲ್ವಾ?”

“ಮಾಡ್ದ. ಅವನೂ ತಪ್ಪಿತಸ್ಥನೇ. ಅವನು ತಪ್ಪು ಮಾಡ್ದ ಅಂದ ತಕ್ಷಣ ಅಪ್ಪಂದು ಹೋಗ್ಬುಡತ್ತಾ?”

“ದೊಡ್ಡದಾಗಿ ಓದ್ಬುಟ್ಟೆ. ಅಪ್ಪನ್ನೇ ತಿನ್ನೋಷ್ಟು ಓದ್ಬುಟ್ಟೆ.”

ಸಿಂಚನ ತುಟಿ ಕಚ್ಚಿಕೊಂಡಳು. “ಹೋಗಿ ಅಪ್ಪನ್ನೇ ಕೇಳು.”

“ಏನ್ ಕೇಳ್ಲಿ? ನಿನ್ ಮಗಳು ಹಿಂಗ್ ಬರ್ದವಳೆ ಅಂತ ಹೇಳಿ ಅವನ ಜೀವ ತೆಗೀಲಾ?”

“ನೀನು ಬೈಂಡ್ ಮಾಡಲ್ಲ ಅಂದ್ರೆ ಹೇಳು. ಸರಸ್ವತಿಪುರಂನಲ್ಲಿ ಇನ್ನೊಂದು ಅಂಗಡಿ ಇದೆ.”

“ಮಾಡ್ತಾನಮ್ಮ, ಮಾಡ್ತಾನೆ” ಎಂದು ವೆಂಕಟಸುಬ್ಬಯ್ಯನವರು ನಡುವೆ ಬಂದರು. “ಲೋ ದಿಲೀಪ, ಬರೆಯೋರು ಅವರು, ಹೊಲಿಯೋರು ನಾವು. ಒಳಗಿನದಕ್ಕೆ ನಾವು ಜವಾಬ್ದಾರರಲ್ಲಪ್ಪ.”

ದಿಲೀಪ ಹೊಲಿದ. ದಬ್ಬಳದಿಂದ ಒಂದೊಂದು ತೂತು ಚುಚ್ಚುವಾಗಲೂ ಯಾರನ್ನೋ ಚುಚ್ಚಿದ ಹಾಗೆ ಚುಚ್ಚಿದ. ನಾಲ್ಕು ಪ್ರತಿ ಅವಳು ಕೊಟ್ಟ ಹಾಗೇ ಮಾಡಿದ. ಹಾಳಾಗಿ ಹೋಗಲಿ, ವಿಶ್ವವಿದ್ಯಾನಿಲಯದಲ್ಲಿ ಅದನ್ನು ಗೆದ್ದಲು ಓದುತ್ತದೆ. ಐದನೆಯದು ಮನೆಯ ಪ್ರತಿ. ಅದನ್ನು ಅಪ್ಪ ಕೈಯಲ್ಲಿ ಹಿಡಿಯುತ್ತಾನೆ. ಸೂಪರ್‌ವೈಸರ್ ಆಗಿ ರಿಜಿಸ್ಟರು ಬರೆದವನು, ಹೆಸರು ಓದುವಷ್ಟು ಇಂಗ್ಲಿಷು ಅಪ್ಪನಿಗೆ ಬರುತ್ತದೆ.

ಅಂಗಡಿಯ ಕಂಪ್ಯೂಟರಿನಲ್ಲಿ ಹಳೆಯ ಗಿರಾಕಿಗಳ ಫೈಲುಗಳು ಹಾಗೇ ಬಿದ್ದಿದ್ದವು. ಹಿಂದಿನ ವರ್ಷ ಯಾರೋ ಎಂಕಾಂ ಹುಡುಗಿ ಅಪ್ಪನಿಗೆ ಅರ್ಪಿಸಿದ ಹಾಳೆಯೊಂದು ಸಿಕ್ಕಿತು. ಸುತ್ತಲೂ ಬಳ್ಳಿಯ ಚಿತ್ತಾರ, ನಡುವೆ ಹೆಸರು. ದಿಲೀಪ ಆ ಹೆಸರೊಂದನ್ನು ಅಳಿಸಿ, ಅಚ್ಚಿನ ಮೊಳೆ ಹುಡುಕುವ ಹಾಗೆ ಒಂದೊಂದೇ ಅಕ್ಷರ ಹುಡುಕಿ ಅಪ್ಪನ ಹೆಸರು ಕುಟ್ಟಿದ. ಹಾಳೆ ಹೊರಬಂತು. ಅಕ್ಕನ ಹಾಳೆಯನ್ನು ತೆಗೆದು ಜೇಬಿಗೆ ಮಡಚಿಟ್ಟುಕೊಂಡು, ಆ ಜಾಗಕ್ಕೆ ಇದನ್ನು ಸೇರಿಸಿ ಹೊಲಿದ. ಹಾಗೆ ಮಾಡುವಾಗ ಅವನಿಗೆ ಒಂದಿಷ್ಟೂ ಹೆದರಿಕೆಯಾಗಲಿಲ್ಲ. ಕೋರ್ಟಿನವರು ಅಪ್ಪನ ಹೆಸರನ್ನು ಎಲ್ಲೆಲ್ಲಿಗೋ ಸೇರಿಸಿದ್ದರಲ್ಲ, ತಾನು ಸೇರಬೇಕಾದಲ್ಲಿಗೆ ಸೇರಿಸುತ್ತಿದ್ದೇನೆ ಎಂದುಕೊಂಡ.

ಶುಕ್ರವಾರ ಸಿಂಚನ ನಾಲ್ಕು ಪ್ರತಿಗಳನ್ನು ಹೊತ್ತು ಕಾಲೇಜಿಗೆ ಹೋದಳು. ಐದನೆಯದನ್ನು ದಿಲೀಪ ಶನಿವಾರ ಬೆಳಿಗ್ಗೆ ಮನೆಗೆ ತಂದ. ಅಮ್ಮ ಶಿವನಂಜಮ್ಮ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಅಪ್ಪ ಕುವೆಂಪುನಗರದ ಕಲ್ಯಾಣಮಂಟಪದಲ್ಲಿ ರಾತ್ರಿ ಕಾವಲು ಮುಗಿಸಿ ಬಂದು ಸ್ನಾನ ಮಾಡಿ ಕೂತಿದ್ದ. ಸಿಂಚನ ಇನ್ನೂ ಎದ್ದಿರಲಿಲ್ಲ.

“ತಗೊಳಪ್ಪ. ಮೊದಲ್ನೇ ಹಾಳೆಗಳು ನೋಡು.”

ಮರಿಸ್ವಾಮಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಬಿಡಿಸಿದ. ಬೆರಳು ಅರ್ಪಣೆಯ ಹಾಳೆಗೆ ಬಂದು ನಿಂತಿತು. ತುಟಿ ಅಲುಗಿತು. ಓದಿದ. ಮತ್ತೆ ಓದಿದ.

“ಬದ್ಕಿರೋವಾಗ್ಲೇ ಲೇಟ್ ಮಾಡ್ಬುಟ್ಯಲ್ಲ ಮಗ ನನ್ನ.”

“ಏನು?”

“ಲೇಟ್ ಮರಿಸ್ವಾಮಿ ಅಂತದೆ ಇಲ್ಲಿ. ಸತ್ತೋರಿಗೆ ಹಾಕೋದು ಇದನ್ನ. ರಿಜಿಸ್ಟರ್‌ನಲ್ಲಿ ಪುಟ್ಟಮಾದಯ್ಯನ್ ಹೆಸ್ರಿನ ಮುಂದೆ ನಾನೇ ಬರ್ದಿದ್ದೆ.”

ಎಂಕಾಂ ಹುಡುಗಿಯ ಅಪ್ಪ ಸತ್ತಿದ್ದನೆಂದು ದಿಲೀಪನಿಗೆ ಹೇಗೆ ಗೊತ್ತಾಗಬೇಕು? ಹೆಸರು ಅಳಿಸಿದ್ದ, ಹೆಸರಿನ ಮುಂದಿದ್ದ ನಾಲ್ಕು ಅಕ್ಷರ ಅಳಿಸಿರಲಿಲ್ಲ.

ಅಪ್ಪ ಬಯ್ಯಲಿಲ್ಲ. ಆ ಹಾಳೆಯನ್ನೂ ಆಚೀಚಿನ ಹಾಳೆಗಳನ್ನೂ ತಿರುವಿ ಹುಡುಕಿದ. “ಅವರಿಬ್ರ ಹೆಸ್ರು ಎಲ್ಲೋ? ನಾನು ಹೇಳಿ ಬರ್ಸಿದ್ದು?”

“ನೀನು ಹೇಳಿ?”

“ಹೂಂ. ನಿಮ್ಮಕ್ಕಂಗೆ ನಾನೇ ಹೇಳಿದ್ದು, ಅವರ್ ಹೆಸರ್ ಹಾಕವ್ವ ಅಂತ.” ಮರಿಸ್ವಾಮಿ ಪುಸ್ತಕ ಮುಚ್ಚಿದ. ಮಾತು ನೆಲಕ್ಕೆ ಹೇಳಿದ ಹಾಗಿತ್ತು. “ಅವರು ಇಳಿಯೋ ಹಿಂದಿನ ವಾರನೇ ನಾನು ಆ ತೊಟ್ಟಿಗೆ ಬಗ್ಗಿ ನೋಡಿದ್ದೆ. ತಲೆ ಗಿರ್ರ್ ಅಂತು. ಸ್ಟೋರಲ್ಲಿ ಮುಖಕ್ಕೆ ಹಾಕೋ ಮಾಸ್ಕು ಒಂದಿತ್ತು, ಬೀಗದಕೈ ನನ್ ಜೇಬಲ್ಲಿತ್ತು. ಅದು ಬರೀ ಇನ್‌ಸ್ಪೆಕ್ಷನ್‌ನವರಿಗೆ ತೋರ್ಸಕ್ಕೆ ಅಂತ ಮಡಗಿದ್ದು, ಕೊಳೆ ಆಗ್ಬುಡ್ತದೆ ಅಂತ ತೆಗೀಲಿಲ್ಲ. ಪುಟ್ಟಮಾದಯ್ಯ ಕೇಳ್ದ. ಅಣ್ಣ, ಎಂಗೋ ವಾಸ್ನೆ ಬತ್ತದೆ, ಇಳೀಲಾ ಅಂತ. ಇಳಿಯೋ, ಏನೂ ಆಗಾಕಿಲ್ಲ ಅಂದೆ. ಲಿಂಗಯ್ಯನಿಗೆ ನಾನೇನೂ ಹೇಳ್ಲಿಲ್ಲ. ಅವನು ಬಿದ್ದೋನ್ನ ಎಳೀತೀನಿ ಅಂತ ತಾನೇ ಇಳ್ದ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಅಮ್ಮನಿಗೂ ಗೊತ್ತಿತ್ತು ಹಾಗಾದರೆ. ಎಲ್ಲರಿಗೂ ಗೊತ್ತಿತ್ತು.

“ನಂಗ್ಯಾಕೆ ಹೇಳ್ಲಿಲ್ಲ?” ದಿಲೀಪನ ದನಿ ಒಡೆಯಿತು. “ಒಂಬತ್ತು ವರ್ಷ! ಊರೆಲ್ಲ ಕೂಗಾಡ್ಕೊಂಡು ಬಂದೆ. ನನ್ ಒಬ್ಬನ್ನೇ ಮುಠ್ಠಾಳನ್ ಮಾಡಿದ್ರಿ!”

“ಹೇಳಕ್ಕೆ ಎಲ್ಲಿ ಬುಟ್ಟೆ ನೀನು? ಬಾಯಿ ತೆಗೆಯಕ್ಕೆ ಮುಂಚೆ ನೀನೇ ನನ್ ಪರ ವಾದ ಮಾಡ್ತಿದ್ದೆ. ಜೈಲ್ ಗೇಟಿಗೆ ಹಾರ ತಂದೆ. ಹಾರ ಹಾಕ್ದೋನ ಹತ್ರ ಏನಂತ ಹೇಳ್ಲಿ?”

ದಿಲೀಪ ಜೇಬಿಗೆ ಕೈಹಾಕಿ ಮಡಚಿದ ಹಾಳೆಯನ್ನು ಎಳೆದು ಚಾಪೆಯ ಮೇಲೆ ಎಸೆದ. ಮರಿಸ್ವಾಮಿ ಅದನ್ನು ತೆಗೆದುಕೊಂಡು ಸುಕ್ಕು ತೀಡಿದ.

“ಇದನ್ನ ಸೇರ್ಸಿ ಕೊಡು. ಪುಸ್ತಕ ಮನೇಲಿ ಬೇಡ. ಕಡಕೊಳಕ್ಕೆ ಹೋಗಿ ಪುಟ್ಟಮಾದಯ್ಯನ್ ಮನೇಲಿ ಕೊಟ್ಟು ಬಾ. ಲಿಂಗಯ್ಯನ್ ಕಡೆ ಯಾರೂ ಉಳ್ದಿಲ್ಲ.”

“ನಾನಾ?”

“ನಾನ್ ಹೋದ್ರೆ ಬಾಗ್ಲು ತೆಗೆಯಾಕಿಲ್ಲ.”

ದಿಲೀಪ ನಕ್ಕ. ಆ ನಗುವಿಗೆ ಅಮ್ಮ ಬಾಗಿಲಿಗೆ ಬಂದು ನಿಂತಳು. “ಇವತ್ತೂ ಅದೇ ಬುದ್ಧಿ. ನೀನ್ ಮೇಲೆ ನಿಂತ್ಕೊಂಡು ಇನ್ನೊಬ್ರನ್ನ ಇಳಿಸ್ತೀಯ.”

ಮರಿಸ್ವಾಮಿ ಎದ್ದು ಮೊಳೆಗೆ ನೇತುಹಾಕಿದ್ದ ಅಂಗಿ ತೆಗೆದು ತೊಟ್ಟುಕೊಂಡ.

ಅಂಗಡಿಯಲ್ಲಿ ದಿಲೀಪ ತಾನೇ ಹಾಕಿದ ಹೊಲಿಗೆಯನ್ನು ಬ್ಲೇಡಿನಿಂದ ಕತ್ತರಿಸಿದ. ಅಪ್ಪ ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತು ನೋಡುತ್ತಿದ್ದ. ಬಳ್ಳಿಯ ಚಿತ್ತಾರದ ಹಾಳೆ ಕಸದ ಡಬ್ಬಕ್ಕೆ ಹೋಯಿತು. ಸುಕ್ಕು ಹಾಳೆ ಒಳಗೆ ಬಂತು. ವೆಂಕಟಸುಬ್ಬಯ್ಯನವರು ಏನೂ ಕೇಳದೆ ಅಂಟಿನ ಬಟ್ಟಲು ಮುಂದಕ್ಕೆ ತಳ್ಳಿದರು. ಪುಸ್ತಕವನ್ನು ಭಾರದ ಕೆಳಗೆ ಇಟ್ಟು ಒಣಗುವವರೆಗೆ ಅಪ್ಪ ಮಗ ಮೂರು ಗಂಟೆ ಅಂಗಡಿಯಲ್ಲೇ ಕಾದರು.

ನಂಜನಗೂಡಿನ ಕಡೆಯ ಪ್ಯಾಸೆಂಜರ್ ರೈಲು ಹಿಡಿದು ಕಡಕೊಳದಲ್ಲಿ ಇಳಿದಾಗ ಬಿಸಿಲು ಇನ್ನೂ ಇತ್ತು. ಗಾಳಿಯಲ್ಲಿ ಅದೇ ಕಾರ್ಖಾನೆಗಳ ಹುಳಿ ವಾಸನೆ. ಒಂಬತ್ತು ವರ್ಷದಲ್ಲಿ ಗೇಟುಗಳಿಗೆ ಹೊಸ ಬಣ್ಣ ಬಂದಿತ್ತು. ಪುಟ್ಟಮಾದಯ್ಯನ ಬೀದಿಯ ತಿರುವಿಗೆ ಬರುವವರೆಗೆ ಮರಿಸ್ವಾಮಿ ಜೊತೆಗೇ ನಡೆದ. ಅಲ್ಲಿ ಕೈಪಂಪಿನ ಕಟ್ಟೆ ಕಂಡದ್ದೇ ಕಾಲು ನಿಂತುಹೋಯಿತು.

“ಬಾ.”

“ನೀ ಹೋಗಿ ಬಾ ಮಗ. ನಾನಿಲ್ಲೇ ಇರ್ತೀನಿ.”

ದಿಲೀಪನ ಬಾಯಿಗೆ ಬೈಗುಳ ಬಂದಿತ್ತು. ಅಪ್ಪ ಆಗಲೇ ಪಂಪಿನ ಹಿಡಿಗೆ ಕೈಹಾಕಿದ್ದ. ಬೈಗುಳವನ್ನು ಅಲ್ಲೇ ನೆಲಕ್ಕೆ ಉಗಿದು ಒಬ್ಬನೇ ನಡೆದ.

ಬಾಗಿಲು ತೆಗೆದವನು ಶಿವಶಂಕರ. ಮೈ ಬಂದಿತ್ತು, ಮೀಸೆ ಬಂದಿತ್ತು. ಹಲ್ಲು ಬಂದಿರಲಿಲ್ಲ. ಗುರುತು ಹಿಡಿಯಲು ಇಬ್ಬರಿಗೂ ಹೊತ್ತಾಗಲಿಲ್ಲ.

“ಏನ್ಲಾ? ಇನ್ನೊಂದು ಹಲ್ಲು ಮುರ್ಯಾಕೆ ಬಂದ್ಯಾ?”

ಅಂದು ಶಾಲೆ ಬಿಟ್ಟದ್ದು ತಪ್ಪಾಯ್ತು ಎಂಬ ಒಂದು ಮಾತು ಹೇಳದೆ. ಈಗಲೂ ಅದನ್ನು ಹೇಳದೆ ದಿಲೀಪ ಪುಸ್ತಕ ಮುಂದೆ ಹಿಡಿದ. “ನಮ್ಮಕ್ಕ ಬರ್ದಿದ್ದು. ಎಲ್‌ಎಲ್‌ಎಂಗೆ.”

ಶಿವಶಂಕರ ಪುಸ್ತಕವನ್ನು ತೆಗೆದುಕೊಂಡು ತೂಕ ನೋಡುವವನ ಹಾಗೆ ಕೈಯಲ್ಲಿ ಆಡಿಸಿದ. ಒಳಗಿನಿಂದ ಅವನ ತಾಯಿ ಮಾದೇವಮ್ಮ, “ಯಾರ್ ಮಗಾ ಅದು?” ಎಂದಳು. ಶಿವಶಂಕರ ಪುಸ್ತಕ ಬಿಡಿಸಿದ. “ಪೂರಾ ಇಂಗ್ಲಿಷು. ನಮ್ಮನೇಲಿ ಇದನ್ನ ಯಾರ್ ಓದ್ತಾರ್ಲಾ? ನಾನೂ ಹತ್ತು ಫೇಲು.”

“ಒಂದು ಹಾಳೆ ನಿಮ್ದು. ಕೊಡು.”

ದಿಲೀಪ ಸುಕ್ಕು ಬಿದ್ದ ಹಾಳೆಗೆ ಬಂದ. ಬಾಯಿಪಾಠವಾಗಿತ್ತು, ಆದರೂ ಹೆಸರುಗಳ ಕೆಳಗೆ ಬೆರಳಿಟ್ಟು ಎಡದಿಂದ ಬಲಕ್ಕೆ ಸರಿಸಿದ. “ಹೇಳಿದ್ದಕ್ಕೆ ಇಳಿದು ಮೇಲೆ ಬಾರದೆ ಹೋದ ಪುಟ್ಟಮಾದಯ್ಯ, ಲಿಂಗಯ್ಯ, ಇವರ ನೆನಪಿಗೆ.”

“ಹೇಳಿದ್ದು ಯಾರು ಅಂತ ಬರ್ದಿಲ್ವಾ?”

“ಇಲ್ಲ.”

“ಇಷ್ಟೇನಾ?”

ದಿಲೀಪ ಬೀದಿಯ ತಿರುವಿನ ಕಡೆ ನೋಡಿದ. ಕೈಪಂಪಿನ ಹತ್ತಿರ ಅಪ್ಪ ಬಗ್ಗಿ ಕೈ ತೊಳೆಯುತ್ತಿದ್ದ.

“ನಮ್ಮಪ್ಪ ಹೇಳಿದ್ದು” ಎಂದ ದಿಲೀಪ. “ಗೊತ್ತಿದ್ದೇ ಹೇಳಿದ್ದು.”

ಶಿವಶಂಕರ ಅವನ ಮುಖವನ್ನೇ ನೋಡಿದ. ಆಮೇಲೆ ನಾಲಿಗೆಯ ತುದಿಯನ್ನು ಹಲ್ಲಿಲ್ಲದ ಸಂದಿಗೆ ಒತ್ತಿ, ತೆಗೆದು, “ಅದನ್ನೇ ಅಲ್ವೇನ್ಲಾ ನಾನು ಅವತ್ತು ಹೇಳಿದ್ದು” ಎಂದ. ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಾಗಿಲು ಹಾಕಿಕೊಂಡ.